ಕೈ ಕಟ್ಟಿ ಕೂತ ನಾಯಕಿ

ಮಗಳ ಟ್ರೂಪಿನ ನಾಯಕಿಯ ಗಂಡನಿಗೆ ಟೆಕ್ಸಾಸಿಗೆ ವರ್ಗವಾಯಿತು. ಸುದ್ದಿ ಹೇಳಲು ಆಕೆ ತಾಯಂದಿರನ್ನೆಲ್ಲ ಒಂದು ಸಂಜೆ ಶಾಲೆಯ ಊಟದ ಹಾಲಿಗೆ ಕರೆದಿದ್ದಳು. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮಂಡಿ ಎದೆಗೆ ತಾಗುವ ಹಾಗೆ ಕೂತಿದ್ದೆವು. ನಿಮ್ಮಲ್ಲಿ ಯಾರಾದರೂ ಮುಂದೆ ಬಂದರೆ ಸರಿ, ಇಲ್ಲದಿದ್ದರೆ ಟ್ರೂಪು ಮುಚ್ಚುತ್ತದೆ ಎಂದಳು. ಎಲ್ಲರೂ ನೆಲ ನೋಡಿದರು. ಒಬ್ಬಾಕೆ ಕೈಚೀಲದಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದಳು. ನಾನು ಕೈ ಎತ್ತಿದೆ.

ಟ್ರೂಪು ಅಂದರೆ ಹತ್ತು-ಹನ್ನೊಂದು ವಯಸ್ಸಿನ ಹುಡುಗಿಯರ ಪುಟ್ಟ ದಳ, ನಮ್ಮ ಕಡೆಯ ಗೈಡ್ಸ್ ಇದ್ದ ಹಾಗೆ. ವಾರಕ್ಕೊಮ್ಮೆ ಸೇರುತ್ತಿದ್ದರು. ಹಗ್ಗಕ್ಕೆ ಗಂಟು ಹಾಕುವುದರಿಂದ ಹಿಡಿದು ವೃದ್ಧಾಶ್ರಮದಲ್ಲಿ ಹಾಡುವವರೆಗೆ ಏನೇನೋ ಕಲಿಯುತ್ತಿದ್ದರು. ಚಳಿ ಕಳೆದ ಮೇಲೆ ಕಾಡಿಗೆ ಹೋಗಿ ಟೆಂಟಿನಲ್ಲಿ ಮಲಗುತ್ತಿದ್ದರು. ನಾವು ಅಮೆರಿಕದ ಎಲಿಕಾಟ್ ಸಿಟಿಗೆ ಬಂದ ಹೊಸದರಲ್ಲಿ ನನ್ನ ಮಗಳು ಶಾಲೆಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಎಂದು ಟೀಚರು ಪರೀಕ್ಷೆ ಮಾಡಿಸಿದ್ದರು. ಅಂಥವಳು ಟ್ರೂಪಿನಿಂದ ಮನೆಗೆ ಬರುವಾಗ ಮಾತ್ರ ಕಾರಿನಲ್ಲೇ ವಟವಟ ಶುರು ಮಾಡುತ್ತಿದ್ದಳು. ಅದು ಮುಚ್ಚಿಹೋದರೆ ಅವಳ ಬಾಯಿಯೂ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ ನನಗೆ. ಕೈ ಎತ್ತಿದ್ದಕ್ಕೆ ಬೇರೆ ಕಾರಣವಿರಲಿಲ್ಲ.

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಟಿವಿಯ ಸದ್ದು ತಗ್ಗಿಸಿದರು.

"ಟೆಂಟ್ ಹೊಡೆಯಕ್ಕೆ ಬರತ್ತಾ ನಿಂಗೆ?"

"ಕೋಬಾಲ್ ಬರ್ತಿತ್ತಾ ನಂಗೆ? ಕಲೀಲಿಲ್ವಾ?"

"ಕೋಬಾಲ್‌ಗೆ ಕರಡಿ ಬರಲ್ವಲ್ಲೇ."

"ಬಂದ್ರೆ ನಿಮ್ಮ ಫೋನ್ ನಂಬರ್ ಕೊಡ್ತೀನಿ ಬಿಡಿ ಅದಕ್ಕೆ."

ಆಗ ನಾನು ಬಾಲ್ಟಿಮೋರಿನ ಒಂದು ಆಫೀಸಿನಲ್ಲಿ ಕೋಬಾಲ್ ಭಾಷೆಯ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ತಿದ್ದುತ್ತಿದ್ದೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಕಂಪ್ಯೂಟರುಗಳೆಲ್ಲ ಎರಡು ಸಾವಿರ ಬಂದ ತಕ್ಷಣ ದಿಕ್ಕು ತಪ್ಪುತ್ತವೆ ಎಂದು ಜಗತ್ತೇ ಹೆದರಿದ್ದ ಕಾಲ ಅದು. ಆ ಹೆದರಿಕೆಯೇ ನನ್ನಂಥವರಿಗೆ ವೀಸಾ ಕೊಡಿಸಿತು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅಪ್ಪ ಮೈಸೂರಿನ ಮಾರ್ಕೆಟಿನಲ್ಲಿ ಮೂಟೆ ಹೊರುತ್ತಿದ್ದರು. ಅಮ್ಮ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಆ ಮನೆಗಳ ಹಿತ್ತಲಿನಲ್ಲಿ ಕೂತು ಓದಿ ಪಾಸಾದವಳು.

ನಾನು ಕೈ ಎತ್ತಿದ ಮಾತ್ರಕ್ಕೆ ಟ್ರೂಪು ಉಳಿಯಲಿಲ್ಲ. ನಮ್ಮ ಸುತ್ತಮುತ್ತಲಿನ ಟ್ರೂಪುಗಳನ್ನೆಲ್ಲ ನೋಡಿಕೊಳ್ಳುವ ಮೇಲ್ವಿಚಾರಕಿ ಒಬ್ಬರಿದ್ದರು. ಕತ್ತರಿಸಿದ ಬಿಳಿ ಕೂದಲು, ಗಂಡಸರ ಬೂಟು, ಸುತ್ತಿ ಬಳಸದ ಮಾತು. ಅವರು ನನ್ನನ್ನು ಕರೆಸಿ ಮಾತಾಡಿಸಿದರು. ನಾನು ಒಂದು ಸಲವೂ ಕ್ಯಾಂಪು ಮಾಡಿಲ್ಲ, ಈಜು ಬರುವುದಿಲ್ಲ ಎಂಬುದನ್ನು ಬರೆದುಕೊಂಡರು. ಎರಡು ಶನಿವಾರ ತರಬೇತಿಗೆ ಹೋಗಲು ಹೇಳಿದರು. "ಏಪ್ರಿಲಿನ ಕ್ಯಾಂಪಿಗೆ ನಾನು ಬಂದು ನೋಡ್ತೀನಿ. ಹುಡುಗಿಯರು ತಾವೇ ಕ್ಯಾಂಪ್ ನಡೆಸಿದ್ರೆ ಟ್ರೂಪ್ ನಿಮ್ಮದು. ಇಲ್ಲಾಂದ್ರೆ ಅವರನ್ನ ಬೇರೆ ಬೇರೆ ಟ್ರೂಪಿಗೆ ಹಂಚ್ತೀನಿ" ಎಂದರು. ಹಂಚಿದರೆ ನನ್ನ ಮಗಳು ಯಾವುದೋ ಗುಂಪಿನ ಮೂಲೆಯಲ್ಲಿ ಮತ್ತೆ ಬಾಯಿ ಹೊಲಿದುಕೊಂಡು ಕೂರುವುದು ನನಗೆ ಕಣ್ಣಿಗೆ ಕಟ್ಟಿತು.

ಸಭೆಗಳು ನಮ್ಮ ಮನೆಯ ಬೇಸ್‌ಮೆಂಟಿನಲ್ಲೇ ನಡೆಯತೊಡಗಿದವು. ಮೊದಲ ದಿನ ಹುಡುಗಿಯರು ವೃತ್ತವಾಗಿ ಕೂತು ಆ ವರ್ಷದ ನಿಯಮಗಳನ್ನು ತಾವೇ ಮಾಡಿಕೊಂಡರು. ದೊಡ್ಡವರು ಬರೆದುಕೊಟ್ಟದ್ದಲ್ಲ. ಒಬ್ಬಳು ಹೇಳುವುದು, ಉಳಿದವರು ಒಪ್ಪಿದರೆ ದೊಡ್ಡ ಹಾಳೆಗೆ ಏರಿಸುವುದು. ಒಬ್ಬಳ ಮಾತು ಮುಗಿಯುವವರೆಗೆ ಇನ್ನೊಬ್ಬಳು ಬಾಯಿ ಹಾಕಬಾರದು. ಯಾರ ಮೇಲೆ ಬೇಸರವಾದರೂ ಅವಳ ಮುಖಕ್ಕೇ ಹೇಳಬೇಕು, ಹಿಂದಿನಿಂದಲ್ಲ. ಯಾರೂ ಒಂಟಿಯಾಗಿ ಕೂರುವಂತೆ ಆಗಬಾರದು. ತಿಂದದ್ದು, ಚೆಲ್ಲಿದ್ದು, ಹರಡಿದ್ದು ಅವರವರೇ ತೆಗೆಯಬೇಕು. ಹುಡುಗಿಯರು ಮಾಡಬಲ್ಲ ಕೆಲಸವನ್ನು ದೊಡ್ಡವರು ಮಾಡಬಾರದು. ಎಲ್ಲರೂ ಸಹಿ ಹಾಕಿದರು. ನಾನೂ ಕನ್ನಡದಲ್ಲಿ ಠೀವಿಯಿಂದ ಸಹಿ ಹಾಕಿದೆ. ಪಕ್ಕದಲ್ಲೇ ರಟ್ಟಿನ ಕೆಲಸದ ಚಕ್ರ. ಅದನ್ನು ವಾರವಾರ ತಿರುಗಿಸಿದರೆ ತಿಂಡಿ ಹಂಚುವುದು ಯಾರು, ತಟ್ಟೆ ತೊಳೆಯುವುದು ಯಾರು, ಗುಡಿಸುವುದು ಯಾರು ಎಂದು ಗೊತ್ತಾಗುತ್ತಿತ್ತು.

ಮರುವಾರ ನಾನು ಉಪ್ಪಿಟ್ಟು, ಕೇಸರಿಬಾತು ಮಾಡಿದೆ. ಅದರ ಮರುವಾರ ಚಿತ್ರಾನ್ನ, ಬಾಳೆಕಾಯಿ ಬಜ್ಜಿ. ಹುಡುಗಿಯರು ಬೆರಳು ನೆಕ್ಕಿಕೊಂಡು ತಿಂದರು. ನನ್ನನ್ನು ಮಗಳ ಗೆಳತಿಯರು ಕರೆಯುವ ಹಾಗೆ ಆಂಟಿ ಎನ್ನತೊಡಗಿದರು. ತಿಂದು ಮುಗಿಸಿ ಯಾರಾದರೂ ತಟ್ಟೆ ಹಿಡಿದು ಎದ್ದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಅಲ್ಲೇ ಇಡಮ್ಮಾ, ಬಿಡು ಬಿಡು." ನಮ್ಮ ಮನೆಗೆ ಬಂದ ಮಕ್ಕಳು ತಟ್ಟೆ ತೊಳೆಯುವುದೇ? ಮೇಲೆ ಒಯ್ದು ನಾನೇ ತೊಳೆದೆ. ನಾನೇ ಗುಡಿಸಿದೆ. ಕಾರ್ಪೆಟ್ಟಿನ ಮೇಲಿನ ಬಣ್ಣವನ್ನು ನಾನೇ ಒರೆಸಿದೆ. ತಿಂಗಳು ಕಳೆಯುವುದರೊಳಗೆ ಚಕ್ರ ತಿರುಗುವುದೇ ನಿಂತಿತು. ಹುಡುಗಿಯರು ಬಂದು ಕೂರುವರು, ತಿನ್ನುವರು, ಎದ್ದು ಹೋಗುವರು. ನನಗೆ ಅದು ದೊಡ್ಡ ಯಶಸ್ಸಾಗಿ ಕಾಣುತ್ತಿತ್ತು. ಕನ್ನಡದ ಗೆಳತಿಯೊಬ್ಬಳು ಫೋನಿನಲ್ಲಿ, "ಏನ್ರೀ, ಆ ಹುಡುಗೀರಿಗೆಲ್ಲ ಸಮಾರಾಧನೆ ನಡೆಸ್ತಿದೀರಂತೆ?" ಎಂದು ಕಿಚಾಯಿಸಿದಾಗಲೂ ಹಿಗ್ಗಿದೆನೇ ಹೊರತು ಬೇರೇನೂ ತೋಚಲಿಲ್ಲ.

ಮಗಳು ಮಾತ್ರ ಮುಖ ಊದಿಸಿಕೊಂಡಿದ್ದಳು. "ಅಮ್ಮ, ನೀನು ರೂಲ್ ಬ್ರೇಕ್ ಮಾಡ್ತಿದೀಯ" ಎಂದಳು ಒಂದು ದಿನ.

"ಹೋಗೇ, ರೂಲಂತೆ. ಮನೆಗೆ ಬಂದೋರ ಕೈಲಿ ತಟ್ಟೆ ತೊಳೆಸ್ತಾರೇನೇ?"

"ದೇ ಆರ್ ನಾಟ್ ಗೆಸ್ಟ್ಸ್, ಅಮ್ಮ!"

ಮುಂದಿನ ಸಭೆಯಲ್ಲಿ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿಯೊಬ್ಬಳು ಬಲಗೈ ಎತ್ತಿದಳು. ಕೈ ಎತ್ತಿದರೆ ಎಲ್ಲರೂ ಮಾತು ನಿಲ್ಲಿಸಬೇಕು. ಅದೂ ಅವರ ಪದ್ಧತಿಯೇ. ಗಲಗಲ ನಿಂತಿತು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಹೀಗೆ:

"ಆಂಟಿ, ನಂಗೆ ನಿಮ್ಮ ಮೇಲೆ ಬೇಸರ ಆಗಿದೆ, ಅದಕ್ಕೆ ನಿಮಗೇ ಹೇಳ್ತಿದೀನಿ. ನೀವು ನಮ್ಮ ಕೆಲಸ ಎಲ್ಲಾ ತಗೊಂಡ್ಬಿಟ್ರಿ. ನಮಗೆ ಬರಲ್ಲ ಅಂದ್ಕೊಂಡಿದೀರಾ?"

ನನಗೆ ಕೆನ್ನೆ ಬಿಸಿಯಾಯಿತು. ಹನ್ನೊಂದು ವರ್ಷದ ಹುಡುಗಿ, ನನ್ನ ಮನೆಯಲ್ಲಿ ಕೂತು, ನನ್ನ ಕೈಯ ಬಜ್ಜಿ ತಿಂದು! ಎದ್ದು ಮೇಲೆ ಹೋಗಿಬಿಡೋಣ ಅನ್ನಿಸಿತು. ಮಗಳ ಕಡೆ ನೋಡಿದೆ. ಅವಳು ಅಳುವಷ್ಟು ಹೆದರಿದ್ದಳು, ಆದರೂ ಕಣ್ಣು ಕೆಳಗೆ ಹಾಕಲಿಲ್ಲ. "ಅಮ್ಮ, ಟೆಲ್ ದೆಮ್" ಎಂದಳು. ಯಾವುದನ್ನು ಹೇಳು ಎಂದಳೋ ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಯಾವಾಗಲೋ ಅವಳು ಕೇಳಿದ್ದಕ್ಕೆ ಹೇಳಿದ್ದೆ.

ಹಾಗಾಗಿ ಹೇಳಿದೆ. ನನ್ನ ಒರಟು ಇಂಗ್ಲಿಷಿನಲ್ಲಿ, ನಿಂತುಕೊಂಡೇ. ಅಮ್ಮ ಕೆಲಸ ಮಾಡುತ್ತಿದ್ದ ಒಂದು ಮನೆಯಲ್ಲಿ ಹಬ್ಬದ ದಿನ ನಮಗೂ ಊಟ ಹಾಕುತ್ತಿದ್ದರು. ಹಿತ್ತಲಿನಲ್ಲಿ. ನಮಗೆಂದೇ ಎರಡು ಅಲ್ಯೂಮಿನಿಯಂ ತಟ್ಟೆ ಹಿತ್ತಲ ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಉಂಡಾದ ಮೇಲೆ ನಾವೇ ತೊಳೆದು ಅಲ್ಲೇ ಬೋರಲು ಹಾಕಬೇಕು. ಒಳಗಿನ ತಟ್ಟೆಗಳನ್ನೆಲ್ಲ ಅಮ್ಮ ಮುಟ್ಟಿ ತಿಕ್ಕಬಹುದು, ನಮ್ಮ ತಟ್ಟೆಯನ್ನು ಆ ಮನೆಯವರು ಯಾರೂ ಮುಟ್ಟುವಂತಿಲ್ಲ. ಅವರ ಮಗಳು ನನ್ನದೇ ಕ್ಲಾಸು. ಅವಳು ಉಂಡ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದಳು, ನಾನು ನನ್ನದನ್ನು ತೊಳೆಯುತ್ತಿದ್ದೆ. ಗಣಿತದಲ್ಲಿ ನನಗೇ ಜಾಸ್ತಿ ಮಾರ್ಕ್ಸು. "ನನ್ನ ಸ್ವಂತ ಮನೆ ಅಂತ ಆದ ಮೇಲೆ ಇಲ್ಲಿ ಊಟ ಮಾಡಿದ ಯಾರಿಗೂ ತಟ್ಟೆ ತೊಳಿ ಅಂತ ಹೇಳಲ್ಲ ಅಂತ ನಿಶ್ಚಯ ಮಾಡಿದ್ದೆ" ಎಂದೆ.

ತಂತಿಯ ಹುಡುಗಿ ತುಟಿ ಕಚ್ಚಿಕೊಂಡು ಯೋಚಿಸಿದಳು. ಕನಿಕರದ ಮಾತು ಬರುತ್ತದೆಂದು ನಾನು ಮೈ ಬಿಗಿ ಮಾಡಿಕೊಂಡೆ. ಬರಲಿಲ್ಲ.

"ಆ ಹುಡುಗಿ ಯಾಕೆ ತೊಳೀಲಿಲ್ಲ?" ಎಂದಳು.

"ಅದು ಅವಳ ಮನೆ."

"ಅವಳೂ ತೊಳೀಬೇಕಿತ್ತು. ಅವರಪ್ಪನೂ. ಎಲ್ಲರೂ ತೊಳೆದಿದ್ರೆ ನಿಮಗೆ ಕೆಟ್ಟದ್ದು ಅನ್ನಿಸ್ತಿತ್ತಾ?"

ನಮ್ಮ ಕೇರಿಯಲ್ಲಿ, ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನನ್ನನ್ನು ಕಂಡು ಪಾಪ ಅಂದವರಿದ್ದರು, ಮೇಲೆ ಬಂದೆಯಲ್ಲ ಎಂದು ಬೆನ್ನು ತಟ್ಟಿದವರಿದ್ದರು. ಆ ತಟ್ಟೆ ಬಿಟ್ಟು ಎದ್ದುಹೋದ ಹುಡುಗಿಯನ್ನು ಕೇಳಬೇಕು ಎಂದವರು ಯಾರೂ ಇರಲಿಲ್ಲ.

"ಇಲ್ಲಿ ಎಲ್ಲರೂ ತೊಳೀತೀವಿ" ಎಂದಳು ಅವಳು. "ನೀವೂ. ನಿಮ್ಮ ತಟ್ಟೆ ಮಾತ್ರ."

ನಿಯಮ ಮುರಿದವರು ಏನು ಮಾಡಬೇಕೆಂಬುದನ್ನೂ ವೃತ್ತವೇ ನಿರ್ಧರಿಸುತ್ತಿತ್ತು. ಹುಡುಗಿಯರು ಗುಸುಗುಸು ಮಾಡಿ ತೀರ್ಪು ಕೊಟ್ಟರು: ಕ್ಯಾಂಪು ಮುಗಿಯುವವರೆಗೆ ಆಂಟಿ ಕೈ ಕಟ್ಟಿ ಕೂರಬೇಕು. ಎಲ್ಲಿಗಾದರೂ ಬೆಂಕಿ ಹತ್ತಿಕೊಂಡರೆ ನೀರು ಹಾಕಬಹುದು, ರಕ್ತ ಬಂದರೆ ಪಟ್ಟಿ ಕಟ್ಟಬಹುದು. ತನ್ನ ತಟ್ಟೆ ಬಿಟ್ಟು ಬೇರೆ ಏನನ್ನೂ ಮುಟ್ಟುವಂತಿಲ್ಲ. ಮಗಳು ಅದನ್ನು ನನಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು, ನನಗೆ ಇಂಗ್ಲಿಷ್ ಅರ್ಥವಾಗಲಿಲ್ಲವೇನೋ ಎಂಬಂತೆ. ಅವಳಿಗೆ ಖುಷಿಯಾಗಿತ್ತು, ಕಳ್ಳಿ.

ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ ಎಂಬುದು ನಮ್ಮ ಕಡೆಯ ಹೆಂಗಸರಿಗೆ ಮಾತ್ರ ಗೊತ್ತು. ಮೊದಲ ವಾರ ಒಂದು ತಟ್ಟೆ ಒಡೆಯಿತು. ಎರಡನೆಯ ವಾರ ನೆಲದ ಮೇಲೆ ಹಾಲಿನ ಹೊಳೆ. ನಾನು ನಿಜವಾಗಿಯೂ ಎರಡೂ ಕೈ ತೊಡೆಯ ಕೆಳಗಿಟ್ಟು ಕೂತಿದ್ದೆ. ಗುಡಿಸಿದ ಮೇಲೂ ಕಸ ಉಳಿದಿರುತ್ತಿತ್ತು. ಅವರು ಹೋದ ಮೇಲೆ ನಾನು ಪೊರಕೆ ಹಿಡಿದರೆ ಮಗಳು ಮೆಟ್ಟಿಲ ಮೇಲೆ ನಿಂತು ಕೆಮ್ಮುವಳು. ಆದರೆ ಚಕ್ರ ಮತ್ತೆ ತಿರುಗತೊಡಗಿತು. ಕ್ಯಾಂಪಿನ ಊಟಕ್ಕೆ ಏನು ಎಂದು ಅವರೇ ಮತ ಹಾಕಿದರು. ಚಿತ್ರಾನ್ನ ಗೆದ್ದಿತು. ನನ್ನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದೆ. ಸೌದೆ ಒಲೆಯ ಮೇಲೆ, ಬಯಲಿನಲ್ಲಿ, ಚಿತ್ರಾನ್ನ! ಯಾರೂ ಕೇಳಲಿಲ್ಲ.

ಏಪ್ರಿಲಿನಲ್ಲಿ ಫ್ರೆಡ್ರಿಕ್ ಎಂಬ ಊರು ದಾಟಿ ಬೆಟ್ಟದ ತಪ್ಪಲಿಗೆ ಹೋದೆವು. ಜೊತೆಗೆ ಇನ್ನೊಬ್ಬ ತಾಯಿ, ನಿಯಮದ ಪ್ರಕಾರ ಇಬ್ಬರು ದೊಡ್ಡವರಿರಬೇಕು. ಮಧ್ಯಾಹ್ನವೆಲ್ಲ ಜಿನುಗು ಮಳೆ. ಟೆಂಟುಗಳು ಸೊಟ್ಟಗೆ ಎದ್ದವು, ಬಿದ್ದವು, ಮತ್ತೆ ಎದ್ದವು. ಮಳೆ ನಿಂತ ಮೇಲೂ ಸೌದೆ ಒದ್ದೆ. ಆ ದಿನದ ಚಕ್ರದಲ್ಲಿ ಅಡುಗೆಯ ಮುಖ್ಯಸ್ಥೆ ನನ್ನ ಮಗಳು, ಬೆಂಕಿ ತಂತಿಯ ಹುಡುಗಿಯದು. ಅವಳು ಕೊನೆಗೂ ಚಕ್ಕೆ ಹೊತ್ತಿಸಿದಳು. ಆ ಗೆಲುವಿನ ಅಮಲಿನಲ್ಲಿ ಸೌದೆ ತುರುಕಿದಳು, ತುರುಕಿದಳು. ಅನ್ನದ ಪಾತ್ರೆಯ ಕೆಳಗೆ ಜ್ವಾಲೆ ಮೇಲೆದ್ದಿತು. ಸರಿಯಾಗಿ ಅದೇ ಹೊತ್ತಿಗೆ ಮೇಲ್ವಿಚಾರಕಿಯ ಕಾರು ಬಂದು ನಿಂತಿತು.

ಸೀದ ವಾಸನೆ ನನ್ನ ಮೂಗಿಗೆ ಬಡಿಯಿತು. ಪಾತ್ರೆ ಇಳಿಸಲು ಎರಡು ಹೆಜ್ಜೆ ಸಾಕಿತ್ತು. ನಾನು ಮರದ ದಿಮ್ಮಿಯ ಮೇಲೆ, ತೊಡೆಯ ಕೆಳಗೆ ಕೈ. ಮೇಲ್ವಿಚಾರಕಿ ಬಂದು ಪಕ್ಕದಲ್ಲಿ ಕೂತರು. "ಅನ್ನ ಸೀಯ್ತಿದೆ" ಎಂದರು.

"ಗೊತ್ತು."

"ನೀವು ಏಳಲ್ವಾ?"

"ಇಲ್ಲ. ನಾನು ಮಾತು ಕೊಟ್ಟಿದೀನಿ."

ಅವರು ನನ್ನನ್ನು ಒಂದು ಥರ ನೋಡಿದರು. ಆ ನೋಟದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಟ್ರೂಪು ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಮಗಳ ದನಿ ಕೇಳಿಸಿತು. ಶಾಲೆಯಲ್ಲಿ ಕಿವುಡಿ ಎಂದು ಸಂಶಯಪಟ್ಟಿದ್ದ ಆ ಹುಡುಗಿಯ ದನಿ ಆಚೆ ಬೆಟ್ಟಕ್ಕೆ ಕೇಳಿಸುವ ಹಾಗಿತ್ತು. "ಸ್ಟಾಪ್! ಪಾತ್ರೆ ಇಳಿಸಿ! ತಳ ಕೆದಕಬೇಡಿ!" ಇಬ್ಬರು ಬಟ್ಟೆ ಹಿಡಿದು ಪಾತ್ರೆ ಇಳಿಸಿದರು. ಆಮೇಲೆ ಅವಳು ತಂತಿಯ ಹುಡುಗಿಯ ಮುಂದೆ ಹೋಗಿ ನಿಂತಳು. "ನಾನು ಸಾಕು ಅಂತ ಎರಡು ಸಲ ಹೇಳಿದೆ. ನೀನು ಕೇಳ್ಲಿಲ್ಲ. ನಂಗೆ ಕೋಪ ಬಂದಿದೆ." ಅವಳ ಮುಖಕ್ಕೇ ಹೇಳಿದಳು, ಹಾಳೆಯಲ್ಲಿ ಬರೆದಿದ್ದ ಹಾಗೆ. ಆ ಹುಡುಗಿಯ ಕಣ್ಣಲ್ಲಿ ನೀರು. "ಬೆಂಕಿ ಆರಿಹೋಗುತ್ತೆ ಅಂತ ಹೆದರಿದ್ದೆ. ಸಾರಿ. ಈಗ ಏನು ಮಾಡ್ಲಿ?" "ಕೆಂಡ ಹರಡು. ಒಗ್ಗರಣೆಗೆ ಸಣ್ಣ ಉರಿ ಬೇಕು." ಮುಗಿಯಿತು, ಅಷ್ಟೇ. ನಮ್ಮ ಆಫೀಸಿನಲ್ಲಿ ಇಂಥ ಜಗಳಕ್ಕೆ ಮೂರು ಮೀಟಿಂಗು ಬೇಕಾಗುತ್ತಿತ್ತು.

ಮೇಲಿನ ಅನ್ನವನ್ನಷ್ಟೇ ಹಗುರವಾಗಿ ತೆಗೆದು ಬೇರೆ ಪಾತ್ರೆಗೆ ಹಾಕಿದರು. ಸಾಸಿವೆ ಸಿಡಿದಾಗ ಅರ್ಧ ಟ್ರೂಪು ಕಿರುಚಿಕೊಂಡು ಹಿಂದೆ ಹಾರಿತು. ಉಪ್ಪು ಹಾಕಲು ಮರೆತು, ಆಮೇಲೆ ನೆನಪಾಗಿ ಮೇಲೆ ಉದುರಿಸಿದರು. ಅನ್ನ ಸ್ವಲ್ಪ ಕಡಿಮೆಯಾಯಿತು. ಎಲ್ಲರ ತಟ್ಟೆಗೂ ಒಂದೇ ಅಳತೆಯಲ್ಲಿ ಬಡಿಸಿ, ಬ್ರೆಡ್ಡು ಹಂಚಿ ಸರಿಮಾಡಿದರು. ಸೀದ ವಾಸನೆಯ ಆ ಚಿತ್ರಾನ್ನದಂಥ ಚಿತ್ರಾನ್ನವನ್ನು ನಾನು ಮೈಸೂರಿನ ಯಾವ ಮದುವೆಮನೆಯಲ್ಲೂ ತಿಂದಿಲ್ಲ.

ಮೇಲ್ವಿಚಾರಕಿಯೂ ತಿಂದರು. ತಿಂದು, ತಟ್ಟೆಯನ್ನು ಮೇಜಿನ ಮೇಲೆ ಬಿಟ್ಟು, ನನ್ನ ಹತ್ತಿರ ಏನೋ ಮಾತಾಡಲು ತಿರುಗಿದರು.

ತಟ್ಟೆ ತೊಳೆಯಲು ಮೂರು ತೊಟ್ಟಿ ಸಾಲಾಗಿಟ್ಟಿತ್ತು. ಸೋಪಿನ ಬಿಸಿನೀರು, ಬರೀ ಬಿಸಿನೀರು, ಬ್ಲೀಚು ಹಾಕಿದ ತಣ್ಣೀರು. ಒಬ್ಬೊಬ್ಬಳೂ ತನ್ನ ತಟ್ಟೆ-ಲೋಟ ಅದ್ದಿ, ತನ್ನ ಬಲೆಯ ಚೀಲಕ್ಕೆ ಹಾಕಿ ಒಣಗಲು ಹಗ್ಗಕ್ಕೆ ನೇತುಹಾಕುತ್ತಿದ್ದಳು. ನಾನೂ ಸರದಿಯಲ್ಲಿ ನಿಲ್ಲಲು ಎದ್ದಿದ್ದೆ. ಮೇಜಿನ ಮೇಲಿನ ಆ ಒಂಟಿ ತಟ್ಟೆಯನ್ನು ಕಂಡು ನನ್ನ ಕೈ ಹಳೆಯ ಚಾಳಿಯಂತೆ ಅತ್ತ ಹೊರಟಿತು. ಅದಕ್ಕೂ ಮೊದಲು ನನ್ನ ಮಗಳು ಮೇಜಿನ ಹತ್ತಿರ ಹೋಗಿದ್ದಳು. ತಟ್ಟೆ ಮುಟ್ಟಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಳು.

"ಎಕ್ಸ್‌ಕ್ಯೂಸ್ ಮಿ, ಮ್ಯಾಮ್. ನಮ್ಮ ಟ್ರೂಪಿನಲ್ಲಿ ಎಲ್ಲರೂ ಅವರವರ ತಟ್ಟೆ ತೊಳೀತಾರೆ. ತೊಟ್ಟಿ ಅಲ್ಲಿದೆ. ಸೋಪಿನದು ಮೊದಲು."

ಜೊತೆಗೆ ಬಂದಿದ್ದ ತಾಯಿ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಟ್ರೂಪು ಇರಬೇಕೋ ಬೇಡವೋ ಎಂದು ಹೇಳಬೇಕಾದವರು ಈ ಮೇಲ್ವಿಚಾರಕಿಯೇ. ನನಗೆ ಮಾತ್ರ, ದೇವರಾಣೆ, ಹೆದರಿಕೆಯಾಗಲಿಲ್ಲ. ಟ್ರೂಪು ಹೋದರೂ ಸರಿ, ಈ ಒಂದು ಮಾತು ಆಡಿಬಿಟ್ಟಳಲ್ಲ ಎಂದು ಎದೆ ಉಬ್ಬಿತು. ಮೇಲ್ವಿಚಾರಕಿ ಹುಡುಗಿಯನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿದರು. ತೋಳು ಮಡಚಿದರು. ಹೋಗಿ ಸಾಲಿನ ಕೊನೆಯಲ್ಲಿ, ನನ್ನ ಹಿಂದೆ ನಿಂತರು. ತಮ್ಮ ಸರದಿ ಬಂದಾಗ ಮೂರು ತೊಟ್ಟಿಯಲ್ಲೂ ಅದ್ದಿ, ತಿಕ್ಕಿ, ತಟ್ಟೆಯನ್ನು ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿದರು. ಅವಳು ಗಂಭೀರವಾಗಿ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಟೆಂಟು ಬಿಚ್ಚುವಾಗ, ರಾತ್ರಿ ಅಲ್ಲೇ ಉಳಿದಿದ್ದ ಮೇಲ್ವಿಚಾರಕಿ ನನ್ನನ್ನು ಬದಿಗೆ ಕರೆದರು. "ಇವರಿಗೆ ಕಲಿಸಿದ್ದು ಯಾರು?"

ನಮ್ಮವರಿಗೆ ಇಂಥ ಹೊತ್ತಿನಲ್ಲಿ ಅಯ್ಯೋ ನಂದೇನಿದೆ ಎನ್ನುವ ಅಭ್ಯಾಸ. ನಾನು ಹಾಗೆನ್ನಲಿಲ್ಲ. "ಅವರೇ ಕಲಿತರು. ನಾನು ಕೈ ಕಟ್ಟಿ ಕೂತಿದ್ದೆ. ಡಿಗ್ರಿ ಮಾಡಿದ್ದಕ್ಕಿಂತ ಕಷ್ಟದ ಕೆಲಸ ಅದು, ಅದನ್ನ ನಾನು ಮಾಡಿದೆ" ಎಂದೆ.

ಆಕೆ ಜೋರಾಗಿ ನಕ್ಕರು. "ಟ್ರೂಪ್ ನಿಮ್ಮದು. ಟ್ರೂಪ್ ಸೇರಕ್ಕೆ ಕಾಯ್ತಾ ಇರೋ ಹುಡುಗಿಯರು ಬೇರೆ ಇದಾರೆ. ಸೆಪ್ಟೆಂಬರಿನಿಂದ ಕೆಲವರನ್ನ ತಗೋತೀರಾ?"

"ಅದನ್ನ ಹುಡುಗಿಯರನ್ನೇ ಕೇಳಬೇಕು."

ನಾನು ಬಲಗೈ ಎತ್ತಿದೆ. ಟೆಂಟಿನ ಗೂಟ ಕೀಳುತ್ತಿದ್ದವರು, ಓಡಾಡುತ್ತಿದ್ದವರು, ಕಿತ್ತಾಡುತ್ತಿದ್ದವರು ಎಲ್ಲ ಗಪ್ಪೆಂದು ನಿಂತರು. ಸುದ್ದಿ ಹೇಳಿದೆ. ಕಿರುಚಾಟ ಮರದ ಹಕ್ಕಿಗಳನ್ನೆಲ್ಲ ಎಬ್ಬಿಸಿತು. ಅದು ಇಳಿದ ಮೇಲೆ ಎರಡನೆಯ ಪ್ರಶ್ನೆ ಮುಂದಿಟ್ಟೆ. ನನ್ನ ಮಗಳು ಮತ್ತು ತಂತಿಯ ಹುಡುಗಿ ಮುಖ ಮುಖ ನೋಡಿಕೊಂಡರು.

"ಆಂಟಿ, ನಾವು ಮಾತಾಡ್ಬೇಕು. ನೀವಿಬ್ಬರೂ ಸ್ವಲ್ಪ ಆಚೆ ಇರ್ತೀರಾ?" ಎಂದಳು ತಂತಿಯ ಹುಡುಗಿ.

ನಾನೂ ಮೇಲ್ವಿಚಾರಕಿಯೂ ಕಾರಿನ ಹತ್ತಿರ, ಕೆಸರಿನಲ್ಲಿ, ಕರೆ ಬರುವುದನ್ನು ಕಾಯುತ್ತ ನಿಂತೆವು. ಒದ್ದೆ ಹುಲ್ಲಿನ ಮೇಲೆ ವೃತ್ತ ಕೂಡಿತ್ತು. ಒಬ್ಬಳು ಮಾತಾಡುವಾಗ ಉಳಿದವರು ಕೇಳುತ್ತಿದ್ದರು. ಬಹಳ ಹೊತ್ತು ಮಾತಾಡಿದವಳು ನನ್ನ ಮಗಳು, ದೂರದಿಂದಲೇ ಅವಳ ಕೈಯಾಡುವುದು ಕಾಣುತ್ತಿತ್ತು. ಕೊನೆಗೆ ಅವಳೇ ಓಡಿಬಂದಳು.

"ಬರಲಿ" ಎಂದಳು ಏದುಸಿರು ಬಿಡುತ್ತಾ. "ಆದ್ರೆ ರೂಲ್ಸ್ ಎಲ್ಲಾ ಮತ್ತೆ ಫಸ್ಟಿಂದ ಬರೀಬೇಕು, ಅಮ್ಮ. ಅವರು ಹೇಳೋದನ್ನೂ ಕೇಳ್ಬೇಕಲ್ವಾ?"